ಮನೆಯೊಳಗೆ ಹೇಳಬಾರದ ಹೆಸರು

ಜಾನ್ ಡೋರಿ ಎಂಬ ಮೀನಿನ ಪಕ್ಕೆಯ ಮೇಲೆ ಹೆಬ್ಬೆರಳಿನ ಅಚ್ಚಿನಂಥ ಒಂದು ಕಪ್ಪು ಮಚ್ಚೆ ಇರುತ್ತದೆ. ಅದು ಸಂತ ಪೀಟರ್ ಹಿಡಿದ ಗುರುತು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು. ವಿಜ್ಞಾನದಲ್ಲಿ ಅದಕ್ಕೆ ಝೀಯಸ್ ಫೇಬರ್ ಎಂದು ಹೆಸರು. ಮೊದಲಿನದು ಗ್ರೀಕರ ದೇವತೆಗಳ ಒಡೆಯ, ಎರಡನೆಯದು ಕಮ್ಮಾರ. ಕ್ರೊಯೇಷಿಯಾದ ಕರಾವಳಿಯಲ್ಲಿ ಅದನ್ನು ಕೊವಾಚ್ ಎನ್ನುತ್ತಾರೆ; ಅದೂ ಕಮ್ಮಾರನೇ. ತಲೆಯ ಎಲುಬು ಬಿಡಿಸಿದರೆ ಸುತ್ತಿಗೆ, ಇಕ್ಕಳ ಎಲ್ಲ ಸಿಗುತ್ತದಂತೆ. ದೇವರು, ಸಂತ, ಕಮ್ಮಾರ ಮೂವರೂ ಒಂದೇ ಮೀನಿನ ಮೇಲೆ ಹಕ್ಕು ಸಾಧಿಸಿ ಸಾವಿರಾರು ವರ್ಷ ಆಗಿದೆ, ಮೀನಿಗೆ ಗೊತ್ತಿಲ್ಲ.

ಸಿಡ್ನಿಯ ಒಂದು ಯೂನಿವರ್ಸಿಟಿಯಲ್ಲಿ ಇಂಥ ಹೆಸರುಗಳನ್ನು ಕೂಡಿಹಾಕುತ್ತಿದ್ದ ಪ್ರೊಫೆಸರ್ ಒಬ್ಬರಿದ್ದರು. ಕ್ರೊಯೇಷಿಯಾದ ಒಂದು ದ್ವೀಪದಿಂದ ವಲಸೆ ಬಂದ ಬೆಸ್ತನ ಮಗಳು ಆಕೆ. ಅಲ್ಲಿ ದ್ವೀಪ ಬದಲಾದರೆ ಮೀನಿನ ಹೆಸರೂ ಬದಲಾಗುತ್ತದೆ. ಆ ಹೆಸರುಗಳ ಅಡಿಯಲ್ಲಿ ಹಳೆಯ ದೇವತೆಗಳು, ರಾಕ್ಷಸಿಯರು ಸದ್ದಿಲ್ಲದೆ ಕೂತಿದ್ದಾರೆ ಎಂಬುದು ಆಕೆಯ ವಾದ. ಆ ನುಡಿಗಳನ್ನು ಆಡುವವರು ಊರಲ್ಲಿ ಉಳಿದಿರಲಿಲ್ಲ. ಉಳಿದವರು ಆಸ್ಟ್ರೇಲಿಯಾದಲ್ಲಿ ಮುದುಕರಾಗಿದ್ದರು. ಹೆಸರನ್ನು ಭಾಷೆ ಬಲ್ಲವರು ಕೇಳಿ ಬರೆದುಕೊಂಡಾರು, ಆದರೆ ಅದು ಯಾವ ಮೀನು ಎಂದು ಹೇಳಲು ಮೀನು ಬಲ್ಲವರೇ ಬೇಕು. ಮಂಗಳೂರಿನಲ್ಲಿ ಮೀನುಶಾಸ್ತ್ರವನ್ನೇ ಪಾಠ ಮಾಡಿ, ಈಗ ಸಿಡ್ನಿಯ ಎಪ್ಪಿಂಗಿನಲ್ಲಿ ಮಗಳ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಯುತ್ತಿದ್ದ ನಾನು ಹೀಗೆ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದೆ.

"ರಿಟೈರ್ ಆದ್ಮೇಲೂ ಮೀನೇನಮ್ಮಾ?" ಎಂದಳು ಮಗಳು, ನಾರ್ತ್ ಸಿಡ್ನಿಯ ಆಫೀಸಿಗೆ ಓಡುತ್ತಾ.

"ಮೀನು ರಿಟೈರ್ ಆಗಿಲ್ವಲ್ಲೇ," ಎಂದೆ.

ಕೆಲಸದ ಕ್ರಮ ಬಹಳ ಸ್ಟ್ರಿಕ್ಟ್. ರಟ್ಟಿನ ಮೇಲೆ ಅಂಟಿಸಿದ ಬಣ್ಣದ ಚಿತ್ರಗಳು, ಹೆಸರಿಲ್ಲದವು. ಅವನ್ನು ಇಸ್ಪೀಟಿನ ಹಾಗೆ ಕಲಸಿ ಒಂದೊಂದಾಗಿ ಮುಂದಿಡಬೇಕು. ಹೇಳುವವರ ಬಾಯಿಗೆ ನಾವು ಮಾತು ತುರುಕಬಾರದು. ಅದೇ ಚಿತ್ರಗಳನ್ನು ಬೇರೆ ದಿನ, ಬೇರೆ ಕ್ರಮದಲ್ಲಿ ಮತ್ತೆ ತೋರಿಸಬೇಕು. ಎಲ್ಲವೂ ಮಿನಿಡಿಸ್ಕಿನಲ್ಲಿ, ಅಂಗೈಯೊಳಗೆ ಅಡಗುವ ಪುಟ್ಟ ಡಿಸ್ಕಿನಲ್ಲಿ, ರೆಕಾರ್ಡ್ ಆಗಬೇಕು. ಮೊದಲ ಸುತ್ತು ಮುಗಿದ ಮೇಲೆ ಆ ರೆಕಾರ್ಡಿಂಗನ್ನು ಹೇಳಿದವರಿಗೇ ಕೇಳಿಸಿ, "ಹೀಗೇ ಅಲ್ಲವೇ ನೀವು ಅಂದದ್ದು?" ಎಂದು ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ಪ್ಲೇಬ್ಯಾಕ್ ಎನ್ನುತ್ತಿದ್ದೆವು. ಪ್ಲೇಬ್ಯಾಕ್ ಆಗದ ಹೆಸರು ನಿಘಂಟಿಗೆ ಸೇರದು. ಕಾನ್ವೆಂಟಿನಲ್ಲಿ ಬೆಳೆದವಳಿಗೆ ಇಂಥ ರೂಲ್ಸ್ ಎಂದರೆ ಒಂದು ಬಗೆಯ ನೆಮ್ಮದಿ.

ಮೊದಲ ಪೆಟ್ಟು ಸಿಡ್ನಿಯಲ್ಲೇ ಬಿತ್ತು. ಕ್ರೊಯೇಷಿಯನ್ ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತಿದ್ದ ಒಬ್ಬ ಅಜ್ಜ ಚಿತ್ರವೊಂದನ್ನು ನೋಡಿ, "ಇದಾ? ಮೊನ್ನೆ ತಾನೆ ಹಿಡಿದೆ, ಇಲ್ಲೇ ಜೆಟ್ಟಿ ಹತ್ರ," ಎಂದ. ಆ ಮೀನು ಆಸ್ಟ್ರೇಲಿಯಾದ ನೀರಿನಲ್ಲಿ ಇರುವುದೇ ಇಲ್ಲ. ಜೆಟ್ಟಿಗೆ ಕರೆದುಕೊಂಡು ಹೋಗೆಂದೆ. ಆತ ಎತ್ತಿ ತೋರಿಸಿದ್ದು ಫ್ಲ್ಯಾಟ್‌ಹೆಡ್, ಇಲ್ಲಿಯದೇ ಬೇರೊಂದು ಮೀನು. ಇವರು ಹಡಗಿನಿಂದ ಇಳಿದವರೇ ಇಲ್ಲಿಯ ಮೀನುಗಳಿಗೆಲ್ಲ ತಮ್ಮೂರಿನ ಹೆಸರಿಟ್ಟು ಬ್ಯಾಪ್ಟೈಸ್ ಮಾಡಿಬಿಟ್ಟಿದ್ದರು. ನಲವತ್ತು ವರ್ಷದ ಮೇಲೆ ಈಗ ಕೇಳಿದರೆ ಅವರ ಕಣ್ಣ ಮುಂದೆ ಬರುವುದು ಇಲ್ಲಿಯ ಮೀನು. ನಾವು ಬರೆದುಕೊಳ್ಳುತ್ತಿದ್ದದ್ದು ಅಲ್ಲಿಯ ಮೀನೆಂದು.

"ಎಷ್ಟು ಹಾಳಾಗಿದೆ?" ಎಂದು ಕೇಳಿದರು ಪ್ರೊಫೆಸರ್.

"ಗೊತ್ತಿಲ್ಲ. ಅದೇ ಪ್ರಾಬ್ಲಮ್. ಎಲ್ಲವನ್ನೂ ಮತ್ತೆ ಕೇಳಬೇಕು."

ಆಕೆ ಕಿಟಕಿಯ ಕಡೆ ತಿರುಗಿದರು. "ಕೆಲವರನ್ನು ಮತ್ತೆ ಕೇಳೋಕಾಗಲ್ಲ," ಎಂದರು. ಹಿಂದಿನ ಚಳಿಗಾಲದಲ್ಲೇ ಇಬ್ಬರನ್ನು ಮಣ್ಣು ಮಾಡಿಯಾಗಿತ್ತು. ಆಕೆಯ ಸ್ವಂತ ತಂದೆ ಈ ಕೆಲಸ ಶುರುವಾಗುವ ಮೊದಲೇ ಹೋಗಿದ್ದರು, ಒಂದು ಮಾತೂ ರೆಕಾರ್ಡ್ ಆಗದೆ. ಆಕೆ ಅದನ್ನು ಹೆಚ್ಚು ಹೇಳುತ್ತಿರಲಿಲ್ಲ, ಆದರೆ ಆಕೆಯ ಆತುರವೆಲ್ಲ ಅಲ್ಲಿಂದ ಬರುತ್ತಿತ್ತು.

ಹಳೆಯದನ್ನು ಮತ್ತೆ ಕೇಳುತ್ತಿದ್ದಾಗಲೇ ಮೆಲ್ಬೋರ್ನಿನ ಸುದ್ದಿ ಬಂತು. ವೆರಿಬೀ ಸೌತ್‌ನಲ್ಲಿ ಹೂಕೋಸಿನ ಹೊಲಗಳ ಮಧ್ಯೆ ಒಬ್ಬ ಮುದುಕ ಇದ್ದಾನೆ. ಕ್ರೊಯೇಷಿಯಾದ ಕರಾವಳಿಯಿಂದ ಬಹಳ ದೂರದ, ಪುಟ್ಟ ದ್ವೀಪವೊಂದರವನು. ಆ ಊರಿನ ಮಾತಾಡುವವರು ಅವನನ್ನೂ ಅವನ ಹೆಂಡತಿಯನ್ನೂ ಬಿಟ್ಟರೆ ಇನ್ನಾರೂ ಸಿಕ್ಕಿಲ್ಲ. ಅವನಿಗೆ ಶ್ವಾಸಕೋಶದ ಕ್ಯಾನ್ಸರ್. ಪ್ರೊಫೆಸರ್‌ಗೆ ಕ್ಲಾಸ್ ಬಿಟ್ಟು ಬರುವಂತಿರಲಿಲ್ಲ. ನಾನು ಹೊರಟೆ.

ವೆರಿಬೀಯಲ್ಲಿ ನಾನು ಉಳಿದದ್ದು ಹುಬ್ಬಳ್ಳಿ ಕಡೆಯ ಒಬ್ಬ ನರ್ಸಿನ ಮನೆಯಲ್ಲಿ. ಮಗಳ ಪರಿಚಯದವಳು. ಮಾತು ಜೋರು, ಕೈ ಧಾರಾಳ. "ಆಂಟಿ, ಇಡೀ ಮೆಲ್ಬೋರ್ನ್ ಬಿಟ್ಟು ಆ ಮುದುಕನ ಮೀನಿನ ಹೆಸರು ಕೇಳಾಕ ಬಂದೀರಿ? ನಮ್ಮ ಕಡೆ ಮೀನಂದ್ರ ಮೀನ ನೋಡ್ರಿ, ಒಂದ ಹೆಸರು," ಎಂದು ನಕ್ಕಳು. ಆದರೆ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ತಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಅವರ ಗೇಟಿನ ಮುಂದೆ ಇಳಿಸುತ್ತಿದ್ದಳು.

ಆ ಕಡೆಯವರು ಹಿರಿಯ ನಾವಿಕನನ್ನು ಬಾರ್ಬಾ ಎನ್ನುತ್ತಾರೆ, ಹಿರಿಯ ಹೆಂಗಸನ್ನು ಟೇಟಾ. ನಮ್ಮ ಅಂಕಲ್ ಆಂಟಿ ಇದ್ದ ಹಾಗೆ. ನಾನೂ ಹಾಗೆಯೇ ಕರೆದೆ. ಬಾರ್ಬಾ ನನ್ನನ್ನು ಶೋರಾ ಎಂದ, ಅಂದರೆ ಅಮ್ಮಾವ್ರೇ. ಇಬ್ಬರೂ ಒಡಕು ಇಂಗ್ಲಿಷಿನಲ್ಲೇ ನನ್ನೊಡನೆ ಮಾತಾಡುತ್ತಿದ್ದರು. ಅದನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾರ್ಬಾ ಒಳ್ಳೆಯ ಮಾತುಗಾರ. ನಾನು ಮೊದಲೇ "ಯಾವ ಸಮುದ್ರದ್ದು?" ಎಂದು ಕೇಳುವುದನ್ನು ಕಲಿತಿದ್ದೆ. ಒಂದೊಂದು ಚಿತ್ರಕ್ಕೂ ಅವನು ಕಣ್ಣು ಮುಚ್ಚಿ, ಎರಡು ಸಮುದ್ರವನ್ನೂ ಬೇರೆ ಬೇರೆ ಇಟ್ಟು ಉತ್ತರಿಸುತ್ತಿದ್ದ. ಮಧ್ಯೆ ಕೆಮ್ಮು ಬಂದರೆ ಚಿತ್ರವನ್ನು ಎದೆಗೊತ್ತಿಕೊಂಡು ಕೆಮ್ಮುತ್ತಿದ್ದ.

"ಇವನು ಹೀಗೇ," ಎಂದಳು ಟೇಟಾ, ಸೂಪಿನ ಬಟ್ಟಲು ತಂದಿಡುತ್ತಾ. "ಮೀನು ಕಂಡ್ರೆ ಮಾತು, ಹೆಂಡತಿ ಕಂಡ್ರೆ ಕೆಮ್ಮು."

"ಮೀನು ವಾಪಸ್ ಮಾತಾಡಲ್ಲ ಶೋರಾ, ಅದಕ್ಕೆ," ಎಂದ ಬಾರ್ಬಾ.

ನಾನು ಕ್ರಿಶ್ಚಿಯನ್ ಅಲ್ಲ. ಆದರೆ ಹೇಲ್ ಮೇರಿ ನನಗೆ ಬಾಯಿಪಾಠ. ನಡುಮನೆಯ ಮೇರಿಯ ಚಿತ್ರದ ಮುಂದೆ ಟೇಟಾ ಮಧ್ಯಾಹ್ನದ ಪ್ರಾರ್ಥನೆಗೆ ನಿಂತಾಗ ನಾನು ಇಂಗ್ಲಿಷಿನಲ್ಲಿ ದನಿ ಸೇರಿಸಿದೆ. ಆಮೇಲೆ ನನಗೆ ಸೂಪು ದೊಡ್ಡ ಬಟ್ಟಲಿನಲ್ಲಿ ಸಿಗತೊಡಗಿತು.

ಮೂರನೆಯ ಬಾರಿ ಹೋದಾಗ ವೀವರ್ ಮೀನಿನ ಚಿತ್ರ ಬಂತು. ಇದು ಮರಳಿನಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗಿಟ್ಟು ಕಾಯುವ ಮೀನು. ಬೆನ್ನಿನ ಕಪ್ಪು ಮುಳ್ಳಿನಲ್ಲಿ ವಿಷ. ಬಲೆಗೆ ಬಿದ್ದ ತಕ್ಷಣ ಬೆಸ್ತರು ಮೊದಲು ಮುಳ್ಳು ಕತ್ತರಿಸುತ್ತಾರೆ. ಕೆಲವು ಕಡೆ ಇದನ್ನು ದ್ರಾಗಾನಾ ಎನ್ನುತ್ತಾರೆ. ಗ್ರೀಕಿನ ಹೆಣ್ಣು ಡ್ರ್ಯಾಗನ್‌ನಿಂದ ಬಂದ ಮಾತು ಅದೆಂದು ಪ್ರೊಫೆಸರ್ ಹೇಳಿದ್ದರು. ಬಾರ್ಬಾನ ದ್ವೀಪದಲ್ಲಿ ಅದಕ್ಕೆ ಇನ್ನೂ ಹಳೆಯದು, ಗ್ರೀಕರಿಗಿಂತ ಮುಂಚಿನದು, ಇರಬಹುದು ಎಂಬ ಆಸೆ ಆಕೆಗೆ. ನನ್ನನ್ನು ಕಳಿಸಿದ್ದಕ್ಕೆ ಅರ್ಧ ಕಾರಣ ಅದೇ.

ಬಾರ್ಬಾ ಚಿತ್ರ ನೋಡಿದ. ರಟ್ಟನ್ನು ಮೆಲ್ಲಗೆ ಬೋರಲು ಹಾಕಿದ.

"ಗೊತ್ತಿಲ್ಲವೇ?" ಎಂದೆ.

"ಗೊತ್ತು. ಇದು ಅವಳು."

"ಯಾರು?"

"ಅವಳು ಅಷ್ಟೇ. ಮನೆಯಲ್ಲಿ ಹಾಗೇ ಅನ್ನೋದು. ಕೆಳಗಿನವಳು." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಹೆಸರು ಬೇಕಂದ್ರೆ ಹೊರಗೆ ಬಾ ಶೋರಾ. ಮನೆಯೊಳಗೆ ಇಲ್ಲ. ನೀರಿನ ಮೇಲೂ ಇಲ್ಲ. ನಡುವೆ."

ಅವರೂರಿನ ನಿಯಮ ಅದು. ನೆಲವೂ ಅಲ್ಲದ, ನೀರೂ ಅಲ್ಲದ, ಅಲೆ ಬಂದು ಹಿಂದೆ ಸರಿದ ಒದ್ದೆ ಮರಳಿನಲ್ಲಿ ನಿಂತು ಮಾತ್ರ ಆ ಹೆಸರು ಹೇಳಬಹುದು. ಅಲ್ಲಿ ಹೇಳಿದ್ದನ್ನು ಮುಂದಿನ ಅಲೆ ಅಳಿಸುತ್ತದೆ. ವೆರಿಬೀ ಸೌತ್‌ನ ಬೀಚು ಅವರ ಮನೆಯಿಂದ ಹತ್ತಿರ. ಜುಲೈ ಅಲ್ಲಿ ಚಳಿಗಾಲ; ಗಾಳಿ ಕಿವಿ ಕತ್ತರಿಸುತ್ತಿತ್ತು. ಕೋಲೂರಿಕೊಂಡು ನಡೆದು ಬಂದ ಬಾರ್ಬಾ ಒದ್ದೆ ಮರಳಿನಲ್ಲಿ ಶೂ ಕಳಚಿ ನಿಂತ. ನಾನು ಮೈಕಿಗೆ ನನ್ನ ಉಣ್ಣೆಯ ಕಾಲುಚೀಲ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ಹಿಡಿದೆ.

ಅವನು ಹೆಸರು ಹೇಳಿದ. ಆಮೇಲೆ ನಿಧಾನವಾಗಿ ಇನ್ನೊಮ್ಮೆ, ನನ್ನ ಕಿವಿಗೋಸ್ಕರ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇದನ್ನು ಓದುವವರು ಬಹುಮಟ್ಟಿಗೆ ಮನೆಯೊಳಗೆ ಕೂತೇ ಓದುತ್ತಾರೆ.

ಹೆಸರಿನ ಹಿಂದಿನ ಕಥೆಯನ್ನೂ ಹೇಳಿದ. ಚರ್ಚು ಬರುವ ಮುಂಚೆ ಆ ದ್ವೀಪ ಅವಳದಾಗಿತ್ತು. ಬಂದವರು ಅವಳನ್ನು ಮೇಲಿಂದ ದಬ್ಬಿದರು. ಅವಳು ಮರಳೊಳಗೆ ಇಳಿದಳು, ಕಣ್ಣು ಮಾತ್ರ ಹೊರಗಿಟ್ಟುಕೊಂಡು. ಯಾವ ಮನೆಯೊಳಗೆ ತನ್ನ ಹೆಸರು ಕೇಳುತ್ತದೋ ಆ ಮನೆಯಿಂದ ಒಬ್ಬರು ತನಗೆ ಸಲ್ಲಬೇಕು ಎಂದಳು. ಬಾರ್ಬಾನ ಅಣ್ಣ ಹರೆಯದಲ್ಲಿ, ಊಟದ ಟೇಬಲ್ಲಿನಲ್ಲಿ, ತಮಾಷೆಗೆ ಆ ಹೆಸರು ಹೇಳಿದ್ದ. ಅದೇ ವಾರ ಅವನ ದೋಣಿ ಬರಿದಾಗಿ ತೇಲಿ ಬಂತು. ಆಗ ಟೇಟಾ ಆ ಮನೆಗೆ ಹೊಸ ಸೊಸೆ. ಟೇಬಲ್ಲಿನ ಆಚೆ ತುದಿಯಲ್ಲಿ ಕೂತಿದ್ದವಳು.

"ನೀವು ನಂಬ್ತೀರಾ?" ಎಂದು ಕೇಳಿದೆ.

ಅವನು ಶೂ ಹಾಕಿಕೊಳ್ಳಲು ನನ್ನ ಭುಜ ಹಿಡಿದ. "ಗಾಳಿ ಎದ್ದಿತ್ತು ಅವತ್ತು. ಗಾಳಿ ನಂಬ್ತೀನಿ," ಎಂದ. "ಆದ್ರೆ ಹೇಳೋದು ಇಲ್ಲೇ."

ಸಂಜೆ ಪ್ರೊಫೆಸರ್‌ಗೆ ಫೋನ್ ಮಾಡಿ, ಹೆಸರು ಸಿಕ್ಕಿತು ಎಂದಷ್ಟೇ ಹೇಳಿದೆ; ಹೆಸರನ್ನು ಹೇಳಲಿಲ್ಲ. ಆಕೆ ಅತ್ತರೋ ಏನೋ. ಆಮೇಲೆ ಕೇಳಿದ್ದು, "ಪ್ಲೇಬ್ಯಾಕ್ ಆಯ್ತಾ?"

ಮರುದಿನ ಪ್ಲೇಬ್ಯಾಕ್. ಬೀಚಿಗೇ ಹೋಗೋಣ ಎಂದು ನಾನು ಹೇಳಿದೆ. ಆದರೆ ಬಾರ್ಬಾಗೆ ಮೈ ಬಿಸಿಯಾಗಿತ್ತು, ಹೊರಗೆ ಮಳೆ. ಅಡುಗೆಮನೆಯ ಟೇಬಲ್ಲಿನಲ್ಲೇ ಕೂತೆವು. ಟೇಟಾ ಹಿತ್ತಲಿನ ಕೋಳಿಗೂಡಿನಲ್ಲಿದ್ದಳು. ಹಾಗಾದರೆ ಹೆಡ್‌ಫೋನ್ ಹಾಕಿಕೊಳ್ಳಿ ಎಂದೆ. ಕಿವಿಯ ಮಷೀನಿನ ಮೇಲೆ ಅದು ಕೂರಲಿಲ್ಲ, ಕಿರ್ರೆಂದು ಕೂಗಿತು. ಕಿತ್ತು ಟೇಬಲ್ಲಿನ ಮೇಲಿಟ್ಟ.

"ಸ್ಪೀಕರ್ ಹಾಕು," ಎಂದ.

"ಬೇಡ ಬಾರ್ಬಾ, ಇದು ಮನೆ."

"ಶೋರಾ, ಹೇಳೋದು ಬಾಯಿ. ನಿನ್ನೆ ನನ್ನ ಬಾಯಿ ಮರಳಲ್ಲಿತ್ತು. ಇದು ಡಬ್ಬ. ಡಬ್ಬ ಹೇಳಿದ್ರೆ ಅದು ಹೇಳಿದ ಹಾಗಾ?" ತನ್ನ ಲಾಯರ್‌ಗಿರಿಗೆ ತಾನೇ ಖುಷಿಪಟ್ಟು ನಕ್ಕ. ತನ್ನ ದನಿ ಕೇಳುವ ಆಸೆಯೂ ಇತ್ತು ಅವನಿಗೆ, ಸಾಯಲಿರುವವನಿಗೆ ಇರಬಾರದೇನು? ನಾನು ಸ್ಪೀಕರ್ ಹಾಕಿದೆ.

ಗಾಳಿಯ ಸದ್ದು ಬಂತು, ಸೀಗಲ್‌ಗಳು ಕೂಗಿದವು, ಕೆಮ್ಮು. ಆಮೇಲೆ ಆ ಅಡುಗೆಮನೆಯಲ್ಲಿ, ಅವನದೇ ದನಿಯಲ್ಲಿ, ಹೆಸರು. ನಿಧಾನವಾಗಿ ಇನ್ನೊಮ್ಮೆ.

ಹಿತ್ತಲ ಬಾಗಿಲಲ್ಲಿ ಟೇಟಾ ನಿಂತಿದ್ದಳು. ಕೈಯಲ್ಲಿ ಮೊಟ್ಟೆಗಳು. ಅವಳು ಕಿರುಚಲಿಲ್ಲ. ಮೊಟ್ಟೆಗಳನ್ನು ಒಂದೊಂದಾಗಿ ಬುಟ್ಟಿಯಲ್ಲಿಟ್ಟು, ಹೆಸರು ಹೊರಗೆ ಹೋಗಲೆಂಬಂತೆ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆಯುತ್ತಾ ಹೋದಳು. ಮಳೆ ಒಳಗೆ ಬಂತು. ಆಮೇಲೆ ಬಂದು ಗಂಡನ ಹೆಗಲಿಗೆ ಕಂಬಳಿ ಹೊದಿಸಿ ತಮ್ಮೂರ ಭಾಷೆಯಲ್ಲಿ ಏನೋ ಕೇಳಿದಳು. ಅವನು ತಲೆ ಎತ್ತಲಿಲ್ಲ.

"ಏನಂದರು?" ಎಂದು ಕೇಳಿದೆ ನಾನು.

ಟೇಟಾನೇ ಇಂಗ್ಲಿಷಿನಲ್ಲಿ ಹೇಳಿದಳು: "ಯಾರನ್ನ ಕೊಡ್ತೀಯ ಅಂತ ಕೇಳಿದೆ. ಈ ಮನೇಲಿ ಇರೋದು ಇಬ್ಬರು."

ಎರಡು ದಿನ ಕಳೆಯುವುದರೊಳಗೆ ಅವನನ್ನು ಆಂಬುಲೆನ್ಸಿನಲ್ಲಿ ಒಯ್ದರು. ನ್ಯುಮೋನಿಯಾ. ಕ್ಯಾನ್ಸರಿನ ಶ್ವಾಸಕೋಶಕ್ಕೆ ಅದು ಬರುವುದೇ ಇತ್ತು ಎಂದಳು ಹುಬ್ಬಳ್ಳಿಯ ನರ್ಸು. ಅದು ಅವಳ ಆಸ್ಪತ್ರೆಯಲ್ಲ, ಆದರೂ ಅವಳಿಗೆ ಕಾಯಿಲೆಯ ದಾರಿ ಗೊತ್ತು. "ಹೆಸರಿನ್ಯಾಗ ಏನೈತ್ರಿ ಆಂಟಿ? ರೋಗ ಇರೋದು ಎದಿಯೊಳಗ. ನೀವು ಸುಮ್ಮನ ತಲಿ ಕೆಡಿಸ್ಕೋಬ್ಯಾಡ್ರಿ." ಚಹಾ ಸೋಸುತ್ತಾ ಹೇಳಿದಳು: "ಆದ್ರ ನಾವೂ ವಾರ್ಡಿನ್ಯಾಗ 'ಇವತ್ತ ಕ್ವಾಯಟ್ ಐತಿ' ಅನ್ನಂಗಿಲ್ಲ ನೋಡ್ರಿ. ಡಾಕ್ಟರೂ ಅನ್ನಂಗಿಲ್ಲ. ಅಂದ್ರ ಆ ಶಿಫ್ಟ್ ಮುಗೀತು, ಒಂದರ ಹಿಂದ ಒಂದು ಕೇಸು."

ಆಸ್ಪತ್ರೆಗೆ ಹೋದೆ. ಬಾರ್ಬಾನ ಮೂಗಿಗೆ ಬಾಯಿಗೆ ಮಾಸ್ಕ್, ಕಣ್ಣು ಮುಚ್ಚಿತ್ತು. ಔಷಧಿಯ ಮಂಪರಿನಿಂದ ಅವನು ಇನ್ನು ಏಳುವುದು ಸಂಶಯ ಎಂದಿದ್ದರು. ಟೇಟಾ ನನ್ನನ್ನು ಕಾರಿಡಾರಿಗೆ ಕರೆದು ಅಂಗೈ ಚಾಚಿದಳು.

"ಕೊಡು."

"ಏನನ್ನು ಟೇಟಾ?"

"ಅದನ್ನ. ಅವನು ಒಪ್ಪಿಗೆ ಕೊಟ್ಟ, ನನಗೆ ಗೊತ್ತು. ಅವನು ಮರಳಿಗೆ ಕೊಟ್ಟದ್ದು. ಮರಳಲ್ಲಿ ಹೇಳಿದ್ದು ಮರಳಿಗೆ ಹೋಗುತ್ತೆ. ನಿನ್ನ ಡಬ್ಬ ಬಿಡಲ್ಲ. ನಾಳೆ ನಿಮ್ಮ ಯೂನಿವರ್ಸಿಟಿಯಲ್ಲಿ ಯಾರೋ ಗುಂಡಿ ಒತ್ತುತ್ತಾರೆ, ಅವನು ಹೇಳ್ತಾನೆ. ಇನ್ನೊಬ್ಬರು ಅವರ ಮನೇಲಿ ಒತ್ತುತ್ತಾರೆ, ಮತ್ತೆ ಹೇಳ್ತಾನೆ. ಸತ್ತ ಮೇಲೂ ಅವನು ಹೇಳ್ತಾನೇ ಇರಬೇಕಾ?"

ಬಾರ್ಬಾನನ್ನೇ ಕೇಳಿ ತೀರ್ಮಾನ ಮಾಡುವ ದಾರಿ ಮುಚ್ಚಿತ್ತು. ನಾನು ಹೊರಗೆ ಬಂದೆ. ಪ್ರೊಫೆಸರ್‌ಗೆ ಫೋನ್ ಮಾಡಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟವರಲ್ಲ ಆಕೆ. ದನಿ ಮೆತ್ತಗೇ ಇತ್ತು.

"ಮೊದಲು ಕಾಪಿ ಮಾಡಿ. ಆಮೇಲೆ ಡಿಸ್ಕನ್ನು ಆಕೆಗೆ ಕೊಡಿ. ಮುರಿಯಲಿ, ಸುಡಲಿ. ಆಕೆಗೂ ಶಾಂತಿ, ನಮಗೂ."

"ಅದು ಸುಳ್ಳಾಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ಆ ಹೆಸರು ಆ ದ್ವೀಪದಲ್ಲಿ ಎರಡು ಸಾವಿರ ವರ್ಷ ಬದುಕಿರಬಹುದು. ಬಿಷಪ್ಪರನ್ನ, ಆಳಿದ ವೆನಿಸ್ಸಿನವರನ್ನ, ಎಲ್ಲರನ್ನೂ ತಪ್ಪಿಸಿಕೊಂಡು ಬಂದಿದೆ. ನಮ್ಮಿಬ್ಬರ ಕೈಯಲ್ಲಿ ಸಾಯಲಿ ಅಂತೀರಾ?"

ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ.

ನಮ್ಮ ಅಜ್ಜಿ ರಾತ್ರಿ ಹೊತ್ತು ಹಾವನ್ನು ಹಾವು ಎನ್ನುತ್ತಿರಲಿಲ್ಲ, ಬಳ್ಳಿ ಎನ್ನುತ್ತಿದ್ದಳು. ಸಿಡುಬಿಗೆ ಅಮ್ಮ ಎನ್ನುತ್ತಿದ್ದಳು. ಸೂಪರ್‌ಸ್ಟಿಶನ್ ಎಂದು ಸಿಸ್ಟರ್‌ಗಳು ನಮ್ಮ ತಲೆಯಿಂದ ಅದನ್ನು ತೊಳೆದರು, ಒಳ್ಳೆಯದನ್ನೇ ಮಾಡಿದರು. ಟೇಟಾಳ ಮಾತನ್ನು ನಾನು ನಂಬಿದೆನೇ ಎಂದು ಕೇಳಿದರೆ, ಇಲ್ಲ. ನನ್ನನ್ನು ತಡೆದದ್ದು ಬೇರೆ. ಬಾರ್ಬಾ ಆ ಹೆಸರನ್ನು ಒಂದು ಜಾಗದ ಕಟ್ಟುಪಾಡಿನ ಮೇಲೆ ಕೊಟ್ಟಿದ್ದ. ಆ ಕಟ್ಟುಪಾಡನ್ನು ಪಾಲಿಸುವ ಶಕ್ತಿ ನಮ್ಮ ಮಷೀನಿಗಿಲ್ಲ, ಲೈಬ್ರರಿಗಿಲ್ಲ, ನಿಘಂಟಿಗಿಲ್ಲ. ಡಬ್ಬಕ್ಕೆ ಬಾಯಿಲ್ಲ ಎಂದು ಅವನು ವಾದಿಸಿದ, ಸರಿ. ಆದರೆ ನಾಳೆ ಆ ಮನೆಯಲ್ಲಿ ಒಬ್ಬಳೇ ಉಳಿಯುವವಳು ಆ ವಾದವನ್ನು ಒಪ್ಪಿರಲಿಲ್ಲ. ಅವಳಿಗೆ ಸುಳ್ಳು ಹೇಳಿ, ಅವಳು ಡಿಸ್ಕು ಮುರಿಯುವುದನ್ನು ಎದುರಿಗೆ ನಿಂತು ನೋಡುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಡಿಸ್ಕಿನಲ್ಲಿ ಬೇರೆ ಮೀನುಗಳ ಹೆಸರುಗಳೂ ಇದ್ದವು. ಅವುಗಳ ಬಗ್ಗೆ ಟೇಟಾಳ ತಕರಾರಿರಲಿಲ್ಲ. ಅವನ್ನು ಲ್ಯಾಪ್‌ಟಾಪಿಗೆ ಇಳಿಸಬೇಕಿತ್ತು. ಮಿನಿಡಿಸ್ಕಿನಿಂದ ಇಳಿಸುವುದೆಂದರೆ ಪೂರ್ತಿ ಓಡಿಸಲೇಬೇಕು. ಎಷ್ಟು ಹೊತ್ತು ಮಾತಾಡಿದ್ದನೋ ಅಷ್ಟು ಹೊತ್ತು. ಊಟದ ಟೇಬಲ್ಲಿನಲ್ಲಿ ವೈರು ಜೋಡಿಸುತ್ತಿದ್ದಾಗ ನರ್ಸು ಬಂದು ನಿಂತಳು.

"ಆಂಟಿ, ಅದರಾಗ ಆ ಹೆಸರೂ ಐತೇನ್ರಿ?"

"ಹೆಡ್‌ಫೋನ್ ಹಾಕ್ಕೋತೀನಮ್ಮ."

"ಅಲ್ರಿ, ನಾ ಏನ್ ನಂಬಂಗಿಲ್ಲ." ಕಾರಿನ ಕೀಲಿಯನ್ನು ನನ್ನ ಮುಂದಿಟ್ಟಳು. "ಆದ್ರ ನಮ್ಮ ಮನ್ಯಾಗ ಬ್ಯಾಡ್ರಿ."

ಹಾಗಾಗಿ ಆ ಕೆಲಸ ಮಾಡಿದ್ದು ಬೀಚಿನ ಪಾರ್ಕಿಂಗಿನಲ್ಲಿ, ಅವಳ ಕಾರಿನಲ್ಲಿ ಕೂತು, ಗಾಜಿನ ಮೇಲೆ ಮಳೆಯ ಹನಿ ಜಾರುತ್ತಿದ್ದಾಗ. ಎಲ್ಲವನ್ನೂ ಇಳಿಸಿದ ಮೇಲೆ ಹೆಸರು ಮತ್ತು ಕಥೆ ಇದ್ದ ಭಾಗವನ್ನು ಪರದೆಯ ಮೇಲೆ ಗುರುತು ಹಾಕಿದೆ. ದನಿಯ ಗೆರೆಗಳು ಮುಳ್ಳಿನಂತೆ ಎದ್ದಿದ್ದವು. ಆರ್ಕೈವಿನ ಪದ್ಧತಿಯಲ್ಲಿ ಯಾವ ಭಾಗವನ್ನು ತೆಗೆದರೂ ಅಷ್ಟೇ ಉದ್ದದ ಮೌನವನ್ನು ಅಲ್ಲಿ ಬಿಡಬೇಕು. ಇಲ್ಲದಿದ್ದರೆ ಮುಂದಿನ ಹೆಸರುಗಳ ಸಮಯ ತಪ್ಪುತ್ತದೆ. ಹಾಗೇ ಮಾಡಿದೆ. ಮುಳ್ಳುಗಳು ಮಲಗಿ ಒಂದು ಗೆರೆಯಾದವು. ಸೇವ್ ಒತ್ತಿದೆ. ಬೇರೆ ಕಾಪಿ ಮಾಡಲಿಲ್ಲ.

ಡಿಸ್ಕನ್ನು ಆಸ್ಪತ್ರೆಯಲ್ಲಿ ಟೇಟಾಳ ಅಂಗೈಯಲ್ಲಿಟ್ಟೆ. "ಇಷ್ಟೇನಾ? ಬೇರೆ ಇಲ್ಲವಾ?" ಎಂದಳು.

"ಇಲ್ಲ."

"ದೇವರ ಮೇಲೆ ಆಣೆ?"

"ಆಣೆ," ಎಂದೆ. ಯಾವ ದೇವರು ಎಂದು ಅವಳು ಕೇಳಲಿಲ್ಲ. ಡಿಸ್ಕನ್ನು ಒಯ್ದು ಒದ್ದೆ ಮರಳಿನಲ್ಲಿ ಮುರಿದು ನೀರಿಗೆ ಬಿಟ್ಟಳೆಂದು ಆಮೇಲೆ ತಿಳಿಯಿತು.

ಬಾರ್ಬಾ ಉಳಿಯಲಿಲ್ಲ. ಡಿಸ್ಕು ಮುರಿದ ಮರುದಿನ ಬೆಳಿಗ್ಗೆಯೇ ಹೋದ. ಅವಳು ಪೂರ್ತಿ ಒಂದು ದಿನ ಆಸೆಯಲ್ಲಿದ್ದಳು. ಶವಪೆಟ್ಟಿಗೆಯ ಹತ್ತಿರ ನಾನು ಕೈ ಹಿಡಿಯಲು ಹೋದಾಗ ಬಿಡಿಸಿಕೊಂಡಳು. ಒರಟಾಗಿ ಅಲ್ಲ. ಬೇರೆ ಯಾರದೋ ಕೈ ಎಂಬಂತೆ.

ಸಿಡ್ನಿಗೆ ಬಂದು ಪ್ರೊಫೆಸರ್ ಮುಂದೆ ಕೂತೆ. "ನೀವು ಕೇಳಿದ್ದೀರಿ. ನಿಮಗೆ ನೆನಪಿದೆ. ಬರೆದುಕೊಡಿ ಸಾಕು," ಎಂದರು.

"ನನ್ನ ಕಿವಿ ಮೀನಿನವಳ ಕಿವಿ, ಸಾಕ್ಷಿ ಅಲ್ಲ."

"ಅದು ಕಾರಣ ಅಲ್ಲ."

"ಅಲ್ಲ," ಎಂದು ಒಪ್ಪಿಕೊಂಡೆ.

ಆಕೆ ಎದ್ದು ಬಾಗಿಲು ತೆರೆದು ಹಿಡಿದರು. "ಅಪ್ಪನದ್ದೂ ಇಲ್ಲ, ಇವರದ್ದೂ ಇಲ್ಲ," ಎಂದರು, ನನಗಲ್ಲ. ಮುಂದಿನ ಟರ್ಮಿಗೆ ನನ್ನನ್ನು ಕರೆಯಲಿಲ್ಲ. ನಿಘಂಟಿನ ಕರಡಿನಲ್ಲಿ ಆ ಮೀನಿನ ಪುಟದಲ್ಲಿ, ಆ ದ್ವೀಪದ ಎದುರಿಗೆ ಒಂದು ಅಡ್ಡಗೆರೆ ಹಾಕಿದ್ದರು. ಹೆಸರು ದೊರೆತಿಲ್ಲ ಎಂದು ಅದರ ಅರ್ಥ.

ಡಿಸೆಂಬರಿನಲ್ಲಿ ಫೋನ್ ಬಂತು. ಟೇಟಾ. ಕುಶಲ ಕೇಳಲಿಲ್ಲ.

"ಉಳಿದ ಮೀನುಗಳು ನಿನ್ನ ಹತ್ರ ಇವೆಯಾ?"

"ಇವೆ."

"ಅವನ ದನಿಯಲ್ಲೇ?"

"ಅವರ ದನಿಯಲ್ಲೇ."

"ಫೋಟೋ ಇದೆ ನನ್ನ ಹತ್ರ. ಫೋಟೋ ಮಾತಾಡಲ್ಲ," ಎಂದಳು.

ಆ ವಾರವೇ ಹೋದೆ. ಹೊಲಗಳಿಂದ ಹೂಕೋಸು ಕೊಯ್ದ ವಾಸನೆ ಬರುತ್ತಿತ್ತು. ಮನೆಯ ಕಿಟಕಿಗಳು ಬಿರುಬೇಸಗೆಯಲ್ಲೂ ಮುಚ್ಚಿದ್ದವು. ಟೇಟಾ ಇಳಿದುಹೋಗಿದ್ದಳು, ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬಂದಿತ್ತು. ಲ್ಯಾಪ್‌ಟಾಪನ್ನು ಅದೇ ಟೇಬಲ್ಲಿನ ಮೇಲಿಟ್ಟೆ.

"ಒಂದು ಜಾಗದಲ್ಲಿ ಖಾಲಿ ಇದೆ," ಎಂದು ಮೊದಲೇ ಹೇಳಿದೆ. "ನೀವು ತೆಗೆಸಿದ್ದು. ಅಲ್ಲಿ ಮುಂದಕ್ಕೆ ಓಡಿಸ್ತೀನಿ."

"ಏನೂ ಓಡಿಸಬೇಡ. ಇದ್ದ ಹಾಗೇ ಹಾಕು."

ಬಾರ್ಬಾ ಶುರುಮಾಡಿದ. ಒಂದು ಹೆಸರು, ಸ್ವಲ್ಪ ಬಿಡುವು, ಇನ್ನೊಂದು ಹೆಸರು. ಜಪಸರದ ಮಣಿ ಎಣಿಸುವವಳಂತೆ ಟೇಟಾಳ ಹೆಬ್ಬೆರಳು ಟೇಬಲ್ಲಿನ ಅಂಚಿನಲ್ಲಿ ಸರಿಯುತ್ತಿತ್ತು. ಕೊವಾಚ್ ಬಂದಾಗ ಅವನು ತಲೆಯೊಳಗಿನ ಸುತ್ತಿಗೆಯ ಕಥೆ ಹೇಳಿದ. ಕೆಮ್ಮು ಬಂದಾಗ ಅವಳು ತಿಳಿಯದೆಯೇ ನೀರಿನ ಲೋಟ ಮುಂದಕ್ಕೆ ತಳ್ಳಿದಳು. ಎಲ್ಲೋ ಹಿಂದಿನಿಂದ ಅವಳದೇ ದನಿ: ಸೂಪು ಆರುತ್ತಿದೆ, ಮುದುಕ. "ಬಂದೆ, ಬಂದೆ," ಎಂದ ಬಾರ್ಬಾ.

ಆಮೇಲೆ ಬೀಚು. ಗಾಳಿ, ಸೀಗಲ್, ಅವನು ಶೂ ಕಳಚುವಾಗಿನ ಏದುಸಿರು. "ಇಲ್ಲಿ ನಿಲ್ಲು ಶೋರಾ," ಎಂದ.

ಅಲ್ಲಿಗೆ ಎಲ್ಲ ನಿಂತಿತು. ಅದು ಮನುಷ್ಯರು ಸುಮ್ಮನಿರುವಾಗಿನ ಮೌನವಲ್ಲ. ಗಾಳಿಯೂ ಇಲ್ಲದ, ಉಸಿರೂ ಇಲ್ಲದ, ನಾನು ಕಂಪ್ಯೂಟರಿನಲ್ಲಿ ಕೊರೆದ ಗುಂಡಿ. ನನ್ನ ಕೈ ತಾನಾಗಿಯೇ ಕೀ ಕಡೆ ಹೋಯಿತು. ಟೇಟಾ ನನ್ನ ಮಣಿಕಟ್ಟು ಹಿಡಿದಳು. ಬೆರಳುಗಳು ತಣ್ಣಗಿದ್ದವು. ಪರದೆಯ ಮೇಲೆ ಗೆರೆ ಸರಿಯುತ್ತಿತ್ತು, ಮಟ್ಟಸವಾಗಿ. ಅವಳು ಆ ಗೆರೆಯನ್ನು ನೋಡುತ್ತಿದ್ದಳು.

ಕೊನೆಗೆ ಬಾಯಿ ತೆರೆದಳು. ಹೊರಗಲ್ಲ, ಒದ್ದೆ ಮರಳಿನಲ್ಲಲ್ಲ. ಆ ಅಡುಗೆಮನೆಯಲ್ಲಿ, ಮುಚ್ಚಿದ ಕಿಟಕಿಗಳ ಒಳಗೆ, ಗಟ್ಟಿಯಾಗಿ, ಆ ಹೆಸರನ್ನು ಹೇಳಿದಳು. ಆಮೇಲೆ ಏನೋ ಬರಲಿ ಎಂದು ಕಾಯುವವಳಂತೆ ಬಾಗಿಲ ಕಡೆ ನೋಡುತ್ತಾ ಕೂತಳು. ಏನೂ ಬರಲಿಲ್ಲ.

"ಬರ್ಕೋ," ಎಂದಳು. "ಇನ್ನು ಅವಳು ಒಯ್ಯೋಕೆ ಈ ಮನೇಲಿ ಏನಿದೆ?"

ನಾನು ಬ್ಯಾಗಿನಿಂದ ಪೆನ್ನು ತೆಗೆದೆ. ನನ್ನ ಕಿವಿಗೆ ಸ್ವರ ಸರಿಯಾಗಿ ಬೀಳಲಿ ಎಂದು ಅವಳು ಇನ್ನೊಮ್ಮೆ, ನಿಧಾನವಾಗಿ, ಹೇಳಿದಳು.